ಅಧಿಕಪ್ರಸಂಗ: ಅರ್ಥ ಮತ್ತು ಉದಾಹರಣೆ

ಈ ಬರಹದಲ್ಲಿ ಲೋಪದೋಷಗಳಿದ್ದರೆ ಓದುಗರು ತಿದ್ದಿಕೊಂಡು ಓದಬೇಕೆಂದು ವಿನಂತಿಸುತ್ತೇನೆ. ನಮ್ಮ ಕುಟುಂಬದಲ್ಲಿ ಹತ್ತನೆಯ ತರಗತಿಯನ್ನು ದಾಟಿದವಳು ನಾನೊಬ್ಬಳೇ. ನಾನು ಬರೆದುದನ್ನು ಮೊದಲು ಓದಿ, ಇಲ್ಲಿ ತಪ್ಪಿದೆ ಎಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಇಷ್ಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ಮೇಲೂ, ಬರೆದ ವಾಕ್ಯವನ್ನು ಮೂರು ಬಾರಿ ಓದದೆ ಮುಂದಿನದಕ್ಕೆ ಹೋಗುವ ಧೈರ್ಯ ನನಗೆ ಬಂದಿಲ್ಲ. ಆದರೆ ಒಂದು ವಾಕ್ಯವನ್ನು ಮಾತ್ರ ತಿದ್ದದೆ ಇಲ್ಲಿ ಇಡುತ್ತೇನೆ —

ನನ್ನ ಅಣ್ಣನನ್ನು ಇಬ್ಬರು ಹೊಡೆಯುತ್ತಿದ್ದಾಗ ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಕೇಳಿದವರಿಗೆ ಒಂದು ಪದದ ಅರ್ಥವನ್ನು ವಿವರಿಸುತ್ತಿದ್ದೆ.

ಆ ಪದ ಅಧಿಕಪ್ರಸಂಗ.

ನಮ್ಮ ಕಡೆ ಈ ಪದವನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಮನೆಯ ಮಾತು ತುಳು. ಆದರೆ ಬಾಯಿ ಮುಚ್ಚಿಸಬೇಕಾದಾಗ ಈ ಕನ್ನಡ ಪದವೇ ಒಳಗೆ ಬರುತ್ತದೆ. ದೊಡ್ಡವರು ಮಾತನಾಡುವಾಗ ನಡುವೆ ಮಾತು ಸೇರಿಸಿದರೆ ಅಧಿಕಪ್ರಸಂಗ. ಏಕೆ ಎಂದು ಕೇಳಿದರೆ ಅಧಿಕಪ್ರಸಂಗ. ಎರಡನೆಯ ಸಲ ಕೇಳಿದರೆ ಪೆಟ್ಟು. ನಾನು ಇದನ್ನು ಮೊದಲು ಕೇಳಿದ್ದು ಅಪ್ಪನ ಬಾಯಿಯಿಂದ. ಅಪ್ಪ ಮಡಂತ್ಯಾರಿನ ಪೇಟೆಯಲ್ಲಿ ಕುಡಿದು ಬಂದು, ಅಮ್ಮ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ತಡ್ಪೆಯನ್ನು, ಆ ಬಿದಿರಿನ ಮೊರವನ್ನು, ಒದೆಯುತ್ತಿದ್ದರು. ಎಲೆ ಒಂದು ಕಡೆ, ಹೊಗೆಸೊಪ್ಪಿನ ಹುಡಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಒಂದು ಸಂಜೆ ಅಣ್ಣ — ಆಗ ಅವನಿಗೆ ಹನ್ನೆರಡು — ನಡುವೆ ನಿಂತು ಒಂದೇ ಮಾತು ಕೇಳಿದ: "ಅಮ್ಮ ಎಂತ ತಪ್ಪು ಮಾಡಿದ್ದು?" ಅಪ್ಪನ ಅಂಗೈ ಅವನ ಬಾಯಿಯ ಮೇಲೆ ಬಿತ್ತು. ಮೇಲ್ದುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಅಧಿಕಪ್ರಸಂಗ ಮಾಡ್ತೀಯಾ ಎಂದು ಹೇಳಿ ಅಪ್ಪ ಮಲಗಲು ಹೋದರು.

ಅವರು ತೀರಿಕೊಂಡ ಮೇಲೆ ಅಮ್ಮ ಮನೆಯ ದೈವದ ದೀಪದ ಮುಂದೆ ನಿಂತು ಒಂದು ಮಾತು ಕೊಟ್ಟರು: ಕುಡಿದವನಿಗೆ ಇನ್ನು ಮುಂದೆ ನನ್ನ ಅಡುಗೆಮನೆಯಲ್ಲಿ ಮಣೆ ಇಲ್ಲ, ಅವನು ನೆಂಟನಾಗಲಿ, ಮಗನಾಗಲಿ, ಅವನ ತಟ್ಟೆ ಜಗಲಿಗೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಣ್ಣನ ಹೆಸರು ವಸಂತ. ಏಳನೆಯ ತರಗತಿಗೆ ಶಾಲೆ ಬಿಟ್ಟು ಕೆಂಪುಕಲ್ಲು ಕೊಯ್ಯುವ ಕೋರೆಗೆ ಕೆಲಸಕ್ಕೆ ಹೋದವನು. ನಾನು ಓದಿದೆ. ಉಜಿರೆಯ ಹಾಸ್ಟೆಲಿಗೆ ನನ್ನ ಟ್ರಂಕನ್ನು ಬಸ್ ನಿಲ್ದಾಣದಿಂದ ಹೊತ್ತು ತಂದವನು ಅವನೇ. ಬಾಗಿಲಲ್ಲಿ ನಿಂತು, ತನ್ನ ಕಾಲಿನ ಕೆಂಪು ಹುಡಿ ನೆಲಕ್ಕೆ ಹತ್ತೀತೆಂದು ಒಳಗೆ ಬರಲಿಲ್ಲ.

ಅವನಿಗೆ ಇದ್ದ ಹುಚ್ಚು ಒಂದೇ — ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ, ಬರೆದಿಟ್ಟುಕೊಳ್ಳದ ಮಾತಿನಲ್ಲಿ ಪಾತ್ರವನ್ನು ಕಟ್ಟಬೇಕು. ಒಬ್ಬನ ಪ್ರಶ್ನೆಗೆ ಇನ್ನೊಬ್ಬ ಪಾತ್ರದೊಳಗಿದ್ದೇ ಉತ್ತರ ಕೊಡಬೇಕು. ಕೊಡಲಾಗದಿದ್ದರೆ ಸೋತ ಹಾಗೆ. ಅಣ್ಣ ಎಲ್ಲಿ ಕೂಟವಿದ್ದರೂ ಹೋಗಿ ಚಾಪೆಯ ಕೊನೆಯಲ್ಲಿ ಕುಳಿತು ಕೇಳುತ್ತಿದ್ದ. ರಜೆಯಲ್ಲಿ ನಾನು ಮನೆಗೆ ಬಂದಾಗ, ಕೇಳಿದ ಪದಗಳನ್ನು ಒಂದೊಂದಾಗಿ ನನ್ನ ಮುಂದೆ ಇಡುತ್ತಿದ್ದ. ಇದರ ಮೂಲ ಎಂತ? ಇದು ನಮ್ಮದೋ, ಸಂಸ್ಕೃತದ್ದೋ? ನಾನು ನಿಘಂಟು ನೋಡಿ ಹೇಳುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲು ಅವನ ಮುಖದಲ್ಲಿ ಒಂದು ಕಾಯುವಿಕೆ ಇರುತ್ತಿತ್ತು — ಊಟ ಬಡಿಸುವವರ ಕೈ ನೋಡುವ ಹಾಗೆ.

ಒಂದು ಸಂಜೆ ಬಾವಿಕಟ್ಟೆಯಲ್ಲಿ ಮೈತೊಳೆಯುತ್ತಾ ಅಧಿಕಪ್ರಸಂಗದ ಮೂಲವನ್ನು ಕೇಳಿದ. ಪ್ರಸಂಗ ಎಂಬುದು ಸಂಸ್ಕೃತದಲ್ಲಿ ಅಂಟಿಕೊಳ್ಳುವುದು, ಕೂಡಿಕೊಳ್ಳುವುದು ಎಂಬ ಅರ್ಥದಿಂದ ಹುಟ್ಟಿದ್ದೆಂದೂ, ಅದರಿಂದ ಒದಗಿಬಂದ ಸಂದರ್ಭ, ನಡೆಯುತ್ತಿರುವ ಮಾತಿನ ವಿಷಯ ಎಂಬ ಅರ್ಥ ಬೆಳೆಯಿತೆಂದೂ, ಅದನ್ನು ಮೀರಿದ ಮಾತು ಅಧಿಕಪ್ರಸಂಗವೆಂದೂ ಹೇಳಿದೆ. ಮೂಲದಲ್ಲಿ ಇದು ಬೈಗುಳವೇ ಅಲ್ಲ, ಒಂದು ಅಳತೆ ಎಂದು ಸೇರಿಸಿದೆ. ಅವನು ಕೊಡಪಾನವನ್ನು ಕೆಳಗಿಟ್ಟ.

"ಅಳತೆ ಅಂದ್ರೆ ಅಳೆಯುವವ ಒಬ್ಬ ಬೇಕಲ್ಲ ತಂಗೀ. ಕೋರೆಯಲ್ಲಿ ಕಲ್ಲು ಅಳೆಯುವ ಕೋಲು ಲೆಕ್ಕದ ರೈಟರನ ಕೈಯಲ್ಲಿ ಉಂಟು. ಮಾತು ಅಳೆಯುವ ಕೋಲು ಯಾರ ಕೈಯಲ್ಲಿ ಉಂಟು?"

"ಇದೇ ನೋಡು ಅಧಿಕಪ್ರಸಂಗ," ಎಂದೆ. ಇಬ್ಬರೂ ನಕ್ಕೆವು. ಅವನ ನಗು ಹೇಗಿತ್ತೆಂದು ಈಗ ನೆನಪಿಸಿಕೊಳ್ಳಬೇಕಾದರೆ ನಾನು ಆ ಬಾವಿಕಟ್ಟೆಗೇ ಹೋಗಬೇಕು. ಅದಕ್ಕಿಂತ ಈಚೆಗೆ ಅದು ಇಲ್ಲ.

ಕೋರೆಯ ಯಜಮಾನರನ್ನು ಊರವರೆಲ್ಲ ಧಣಿಗಳು ಎನ್ನುತ್ತಿದ್ದರು. ಅವರು ಹೆಸರಾಂತ ಅರ್ಥಧಾರಿ. ಧರ್ಮಿಷ್ಠ ಅರಸರ ಪಾತ್ರಕ್ಕೆ ಅವರೇ ಬೇಕು. ನಾನು ಆಗತಾನೇ ಕನ್ನಡ ಅಧ್ಯಾಪಕಿಯಾಗಿ ಸೇರಿದ್ದ ಪ್ರೌಢಶಾಲೆಯ ಅಧ್ಯಕ್ಷರೂ ಅವರೇ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎದುರಾದಾಗಲೆಲ್ಲ ಅವರು ನನ್ನನ್ನು ನಿಲ್ಲಿಸಿ ಯಾವುದಾದರೊಂದು ಪದ ಕೇಳುತ್ತಿದ್ದರು. ನಾನು ಸರಿಯಾಗಿ ಹೇಳಿದರೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಕೆಗಾಗಿ ನಾನು ರಾತ್ರಿ ನಿಘಂಟು ಓದುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಆ ಮಳೆಗಾಲದಲ್ಲಿ ಕೋರೆಯ ಹಳೆಯ ಗುಂಡಿಯೊಂದರಲ್ಲಿ ರೇಣವ್ವ ಎಂಬ ಹೆಂಗಸು ಸತ್ತಳು. ಬಾಗಲಕೋಟೆಯ ಕಡೆಯಿಂದ ಗಂಡನೊಡನೆ ಕಲ್ಲು ಹೊರಲು ಬಂದವಳು. ನಿಂತ ನೀರಿನಲ್ಲಿ ಬಟ್ಟೆ ಒಗೆಯಲು ಹೋಗಿದ್ದಳು. ಗುಂಡಿಗೆ ಬೇಲಿಯಿಲ್ಲ. ಕೊಯ್ದ ಕಲ್ಲಿನ ಗೋಡೆ ನೇರವಾಗಿ ಇಳಿಯುತ್ತದೆ, ಹಿಡಿಯಲು ಏನೂ ಇಲ್ಲ. ಹಗ್ಗ ಕಟ್ಟಿಕೊಂಡು ಇಳಿದು ಅವಳನ್ನು ಮೇಲೆ ತಂದವನು ಅಣ್ಣ. ಅವಳ ಬೆರಳುಗಳ ತುದಿಗಳು ಜಜ್ಜಿಹೋಗಿದ್ದವು, ಮೂರು ಉಗುರುಗಳೇ ಇರಲಿಲ್ಲ ಎಂದು ಅವನು ಹೇಳಿದ. ಅಷ್ಟು ಹೊತ್ತು ಗೋಡೆಯನ್ನು ಕೆರೆದಿದ್ದಳು. ಕೋರೆಯ ಲೆಕ್ಕಪತ್ರ ನೋಡುವ ರೈಟರ್, ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾಳೆ ಎಂದು ಬರೆದುಕೊಟ್ಟ. ಬೇಲಿ ಹಾಕಿಸಬೇಕೆಂದು ಅಣ್ಣ ಎರಡು ಸಲ ಕೇಳಿದ. ಮಾಡುವ, ಮಳೆ ಬಿಡಲಿ ಎಂದರು ಧಣಿಗಳು.

ಆಗಸ್ಟ್ ಕಳೆಯುವ ಹೊತ್ತಿಗೆ, ಸೋಣ ತಿಂಗಳ ಒಂದು ಭಾನುವಾರ ಧಣಿಗಳ ಮನೆಯಲ್ಲಿ ಮಧ್ಯಾಹ್ನದ ಊಟದ ಮೇಲೆ ತಾಳಮದ್ದಳೆ. ಅಣ್ಣ ಚಪ್ಪರ ಕಟ್ಟಲು ಹೋಗಿದ್ದ, ನಾನು ಬಡಿಸಲು. ದೂತನ ಪಾತ್ರದವರು ಬಂಟ್ವಾಳದಿಂದ ಬರಬೇಕಿತ್ತು. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ಭಾಗವತರು ಅಣ್ಣನನ್ನು ಬಲ್ಲವರು. ವಸಂತ ಕೂತುಕೊಳ್ಳಲಿ, ದೂತನಿಗೆ ಏನು ಮಹಾ ಉಂಟು, ನಾಲ್ಕು ಮಾತು ಎಂದರು. ಧಣಿಗಳು ನಕ್ಕು ಒಪ್ಪಿದರು. "ಕೂತುಕೋ ಮಾರಾಯ. ನಾಲ್ಕೇ ಮಾತು. ಐದನೇದು ನನ್ನದು." ಯಾರದೋ ಶಾಲನ್ನು ಅವನ ಹೆಗಲಿಗೆ ಹಾಕಿದರು. ನಾನು ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನು ಶಾಲಿನ ಅಂಚನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿದ್ದ — ಸಂತೋಷಕ್ಕೆ.

ಅರಸನಾಗಿ ಕುಳಿತ ಧಣಿಗಳು ವಾಡಿಕೆಯಂತೆ ಕೇಳಿದರು: ದೂತನೇ, ನನ್ನ ನಾಡಿನ ಪ್ರಜೆಗಳು ಸುಖವಾಗಿರುವರೇ? ಸುಖವಾಗಿದ್ದಾರೆ ಪ್ರಭೂ ಎಂದು ಎದ್ದುಬರಬೇಕಾದ ಜಾಗ ಅದು. ಅಣ್ಣ ಕೈಮುಗಿದು, ವರ್ಷಗಟ್ಟಲೆ ಕೇಳಿ ಕಲಿತ ಕನ್ನಡದಲ್ಲಿ ಹೇಳಿದ —

"ಬದುಕಿರುವವರು ಸುಖವಾಗಿದ್ದಾರೆ ಪ್ರಭೂ. ಅರಮನೆಗೆ ಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತಿದೆ. ಅದರಿಂದ ಒಬ್ಬ ಹೆಣ್ಣುಮಗಳನ್ನು ಈ ಕೈಗಳೇ ಎತ್ತಿದವು. ಅವಳ ಕಾಲು ಜಾರಿತೆಂದು ಕರಣಿಕರು ಬರೆದರು. ಬೇಲಿಯಿಲ್ಲದ ಗುಂಡಿಯ ಬಳಿ ಜಾರಿದ್ದು ಅವಳ ಕಾಲೋ, ಪ್ರಭುವಿನ ಧರ್ಮವೋ? ಅಪ್ಪಣೆಯಾಗಬೇಕು."

ಹಿಂದಿನಿಂದ ಯಾರೋ ಭಲೇ ಎಂದರು, ಆಮೇಲೆ ಚಪ್ಪಾಳೆ. ಪಾತ್ರದೊಳಗಿನ ಪ್ರಶ್ನೆಗೆ ಪಾತ್ರದೊಳಗೇ ಉತ್ತರವಿರಬೇಕು — ಇರಲಿಲ್ಲ. ಮುಂದಿನ ಪದ ಎತ್ತುವಂತೆ ಧಣಿಗಳು ಭಾಗವತರಿಗೆ ಕಣ್ಸನ್ನೆ ಮಾಡಿದರು. ನನ್ನ ಎದೆ ಉಬ್ಬಿತು, ನಿಜ. ಮರುಗಳಿಗೆಯಲ್ಲಿ ಅವರ ದೃಷ್ಟಿ ಅಣ್ಣನನ್ನು ದಾಟಿ ನನ್ನ ಮೇಲೆ ನಿಂತಿತು.

ಕೂಟ ಮುಗಿದು ಮುಂದಿನ ಚಾವಡಿಯಲ್ಲಿ ಕಾಫಿ, ಅವಲಕ್ಕಿ ನಡೆಯುತ್ತಿತ್ತು. ಧಣಿಗಳ ಅಳಿಯ ಅಡುಗೆಮನೆಯ ಬಾಗಿಲಿಗೆ ಬಂದು, ಟೀಚರನ್ನು ಮಾವ ಕರೆಯುತ್ತಾರೆ ಎಂದ. ಕೈ ಒರೆಸಿಕೊಂಡು ಅವನ ಹಿಂದೆ ಹೋದೆ. ಮನೆಯ ಹಿಂದೆ, ಕಲ್ಲು ಕೊಯ್ಯುವ ಮೆಷಿನ್ ನಿಲ್ಲಿಸುವ ಶೆಡ್. ಅಣ್ಣ ಮೊಣಕಾಲಿನ ಮೇಲಿದ್ದ. ಹೆಗಲಿಗೆ ಹಾಕಿದ್ದ ಆ ಶಾಲಿನಿಂದಲೇ ಅವನ ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು. ಒಂದು ಕಣ್ಣು ಆಗಲೇ ಮುಚ್ಚಿತ್ತು. ರೈಟರನ ಕೈಯಲ್ಲಿ ಪಿಕ್ಕಾಸಿನ ಕಾವು, ಅದರ ಮರದ ಹಿಡಿ. ಧಣಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು.

"ಬನ್ನಿ ಟೀಚರೇ. ನೀವು ಎಂ.ಎ. ಮಾಡಿದವರು, ಇವ ಏಳನೇ ಕ್ಲಾಸು. ಅರ್ಥ ಗೊತ್ತಿಲ್ಲದೆ ಪೆಟ್ಟು ತಿಂದ್ರೆ ಇವನಿಗೆ ಪ್ರಯೋಜನ ಇಲ್ಲ. ಅಧಿಕಪ್ರಸಂಗ ಅಂದ್ರೆ ಎಂತ ಅಂತ ಸ್ವಲ್ಪ ಬಿಡಿಸಿ ಹೇಳಿ."

ಚಾವಡಿ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಅಲ್ಲಿ ನಲವತ್ತು ಜನರಿದ್ದರು. ನಾನು ಕೂಗಿದ್ದರೆ — ಕೂಗಲಿಲ್ಲ. ಯಾರೂ ನನ್ನ ಕೈ ಹಿಡಿದಿರಲಿಲ್ಲ, ಬಾಯಿ ಮುಚ್ಚಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಹೌದು, ಪಾಠಕ್ಕೆ ಮೊದಲು ಮಾಡುವ ಹಾಗೆ.

ಅಧಿಕ ಎಂದರೆ ಹೆಚ್ಚಾದುದು ಎಂದೆ. ಕಾವು ಅವನ ಬೆನ್ನಿಗೆ ಬಿತ್ತು. ಪ್ರಸಂಗ ಎಂದರೆ ಒದಗಿಬಂದ ಸಂದರ್ಭ ಎಂದೆ. ಅಳಿಯ ಅವನ ಪಕ್ಕೆಗೆ ಒದ್ದ. ಅಣ್ಣ ಮುಂದಕ್ಕೆ ಬಿದ್ದ, ಕೂದಲು ಹಿಡಿದು ಎತ್ತಿದರು. ನಾನು ನಿಲ್ಲಿಸಲಿಲ್ಲ. ಸಂದರ್ಭವನ್ನೂ ತನ್ನ ಸ್ಥಾನವನ್ನೂ ಮೀರಿ ಆಡಿದ ಮಾತು ಎಂದು ವಾಕ್ಯವನ್ನು ಪೂರ್ತಿ ಮಾಡಿದೆ. ತನ್ನ ಸ್ಥಾನವನ್ನೂ — ಅದು ನಿಘಂಟಿನಲ್ಲಿ ಇರಲಿಲ್ಲ. ಬಾವಿಕಟ್ಟೆಯಲ್ಲಿ ನಾನು ಅಣ್ಣನಿಗೆ ಹೇಳಿದ ಅರ್ಥದಲ್ಲೂ ಇರಲಿಲ್ಲ. ಅದನ್ನು ಆ ಶೆಡ್ಡಿನಲ್ಲಿ ನಾನು ಸೇರಿಸಿದೆ.

ಧಣಿಗಳು ತಲೆಯಾಡಿಸಿದರು. "ಉದಾಹರಣೆ?"

"ದೂತನಾದವನು ಅರಸನನ್ನು ಪ್ರಶ್ನಿಸಿದರೆ ಅದು ಅಧಿಕಪ್ರಸಂಗ."

ಅಣ್ಣ ಆಗ ತಲೆಯೆತ್ತಿ ನನ್ನನ್ನು ನೋಡಿದ. ಕೋಪವಿರಲಿಲ್ಲ. ತೆರೆದಿದ್ದ ಆ ಒಂದು ಕಣ್ಣಿನಲ್ಲಿ ಇದ್ದದ್ದು — ಪದದ ಮೂಲವನ್ನು ಕೇಳಿ ಕಾಯುತ್ತಿದ್ದನಲ್ಲ, ಅದೇ. ಇನ್ನೂ ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದ. ಕಾವು ಅಡ್ಡಕ್ಕೆ ಬೀಸಿ ಬಂದು ದವಡೆಗೆ ತಾಗಿತು. ಆ ಸದ್ದನ್ನು ಯಾವುದಕ್ಕಾದರೂ ಹೋಲಿಸಿ ಬರೆಯಲು ಪ್ರಯತ್ನಿಸಿದೆ. ಬೇಡ. ಎರಡು ಹಲ್ಲುಗಳು ನನ್ನ ಚಪ್ಪಲಿಯ ಹತ್ತಿರ ಬಂದು ಬಿದ್ದವು.

"ಸಾಕು," ಎಂದರು ಧಣಿಗಳು. ಲೋಟವನ್ನು ಅಳಿಯನ ಕೈಗೆ ಕೊಟ್ಟು, ಉದಾಹರಣೆ ಚೆನ್ನಾಗಿತ್ತೆಂದು ನನಗೆ ಹೇಳಿ, ಅತಿಥಿಗಳನ್ನು ಕಳುಹಿಸಲು ಹೋದರು.

ಅವರದೇ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ಪೆಟ್ಟಿನ ಪ್ರಕರಣವಾದ್ದರಿಂದ ಹೇಳಿಕೆ ಪಡೆಯಲು ಪೊಲೀಸರೊಬ್ಬರು ಬಂದರು. ಅಣ್ಣನ ಬಾಯಿ ತೆರೆಯುವಂತಿರಲಿಲ್ಲ. ಅಳಿಯ ಬಾಗಿಲಲ್ಲಿ ನಿಂತಿದ್ದ. ನಾನೇ ಬರೆದುಕೊಡುತ್ತೇನೆಂದೆ, ಟೀಚರೆಂದು ತಿಳಿದು ಅವರು ಕಾಗದ ಕೊಟ್ಟರು. ಗುಂಡಾದ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬರೆದೆ: ಮದ್ಯಪಾನ ಮಾಡಿ, ಕೋರೆಯ ಅಂಚಿನಲ್ಲಿ ಕಾಲು ಜಾರಿ ಬಿದ್ದಿರುತ್ತಾನೆ.

ಕಾಲು ಜಾರಿ ಎಂಬುದು ಜೀಪಿನಲ್ಲಿ ಅಳಿಯ ಹೇಳಿಕೊಟ್ಟದ್ದು. ಮದ್ಯಪಾನ ಮಾಡಿ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದು. ಕೋರೆಯಲ್ಲಿ ಹದಿನೈದು ವರ್ಷ ನಡೆದವನ ಕಾಲು ಸುಮ್ಮನೆ ಜಾರಿತೆಂದರೆ ಅಮ್ಮ ನಂಬಲಾರರು; ಕುಡಿದಿದ್ದ ಎಂದರೆ ಕೂಡಲೇ ನಂಬುತ್ತಾರೆ — ಅಪ್ಪನ ಮಗನಲ್ಲವೇ. ಇಷ್ಟನ್ನೂ ಪೆನ್ನು ಹಿಡಿದು ಯೋಚಿಸಿದೆ. ಅಣ್ಣ ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಬರೆದುದನ್ನು ಅವನಿಗೆ ಓದಿ ಹೇಳಬೇಕೆಂದು ನಿಯಮ, ಓದಿ ಹೇಳಿದೆ. ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಮಾಡಿದ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಅವನು ಮನೆಗೆ ಬಂದ ದಿನ ಅಮ್ಮ ಗಂಜಿಯನ್ನು ತೆಳ್ಳಗೆ ಮಾಡಿ, ತಟ್ಟೆಯನ್ನು ಜಗಲಿಯಲ್ಲಿಟ್ಟರು. ಇಟ್ಟು, ಒಳಗೆ ಹೋಗಿ ಅತ್ತರು. ಹನ್ನೊಂದು ವರ್ಷ ಅಣ್ಣ ಜಗಲಿಯಲ್ಲಿ ಉಂಡ. ಗಾಳಿಮಳೆ ಒಳಗೆ ಹೊಡೆದಾಗ ತಟ್ಟೆಯ ಮೇಲೆ ಬಾಗಿ ಉಣ್ಣುತ್ತಿದ್ದ. ಬಂಟ್ವಾಳದ ಕಡೆಯಿಂದ ಬಂದಿದ್ದ ಸಂಬಂಧ ಕುಡುಕನೆಂಬ ಮಾತಿಗೆ ತಪ್ಪಿಹೋಯಿತು, ಬೇರೆ ಬರಲಿಲ್ಲ. ದವಡೆ ಕೂಡಿದ್ದು ಸೊಟ್ಟಗೆ. ಮಾತು ಅರ್ಧ ಹೊರಗೆ ಬರುತ್ತದೆ, ಅರ್ಧ ಜೊಲ್ಲಿನಲ್ಲಿ ಹೋಗುತ್ತದೆ. ಅವನು ರಬ್ಬರ್ ಟ್ಯಾಪಿಂಗಿಗೆ ಸೇರಿದ — ಮರಗಳೊಡನೆ ಮಾತನಾಡಬೇಕಿಲ್ಲ. ಮತ್ತೆ ಯಾವ ತಾಳಮದ್ದಳೆಗೂ ಹೋಗಲಿಲ್ಲ, ಕೇಳುವುದಕ್ಕೂ. ನನ್ನನ್ನು ಒಂದು ಪದದ ಅರ್ಥವನ್ನೂ ಕೇಳಲಿಲ್ಲ. ಅಮ್ಮನಿಗೆ ಅವನೇಕೆ ನಿಜ ಹೇಳಲಿಲ್ಲ? ನನ್ನ ಕೆಲಸವನ್ನು ಉಳಿಸಲೆಂದೇ ಎಂದು ಬಹಳ ಕಾಲ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಹಿತವಾಗಿತ್ತು, ಅಷ್ಟೇ. ನನಗೆ ಗೊತ್ತಿಲ್ಲ.

ನಾನು ಕೆಲವು ವರ್ಷಗಳ ನಂತರ ಮೂಡುಬಿದಿರೆಯ ಬೇರೊಂದು ಶಾಲೆಗೆ ಬಂದೆ, ಅಲ್ಲಿಯೇ ಕೋಣೆ ಹಿಡಿದೆ. ಕಳೆದ ಜೂನಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ನಿಂತು, ನಿಮ್ಮ ಶೌಚಾಲಯಕ್ಕೆ ಇಲ್ಲದ ಬೀಗ ನಮ್ಮದಕ್ಕೆ ಯಾಕೆ ಟೀಚರ್ ಎಂದು ಕೇಳಿದಳು. ಇಡೀ ತರಗತಿ ನಕ್ಕಿತು. ಅಧಿಕಪ್ರಸಂಗ ಎಂಬ ಪದ ನನ್ನ ಬಾಯಿಂದ ಹೊರಟಿತು. ಅದು ಮುಗಿಯುವ ಮೊದಲೇ ಮರದ ಸ್ಕೇಲು ಅವಳ ಬಾಯಿಯ ಮೇಲೆ ಬಿದ್ದಿತ್ತು. ತುಟಿ ಒಡೆಯಿತು. ಅವಳು ಯೂನಿಫಾರ್ಮಿನ ತೋಳಿನಿಂದ ರಕ್ತ ಒರೆಸಿಕೊಂಡು ನನ್ನನ್ನೇ ನೋಡಿದಳು. ಅಳಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು.

ನಿಘಂಟಿನಲ್ಲಿ ಹುಡುಕಿದ ಮೂಲವೆಲ್ಲ ಸುಳ್ಳಲ್ಲ, ಆದರೆ ಅದು ಆ ಪದದ ಮೂಲವಲ್ಲ. ನಮ್ಮ ಮನೆಗೆ ಅದು ಅಪ್ಪನ ಅಂಗೈಯಿಂದ ಬಂತು, ಶೆಡ್ಡಿನಲ್ಲಿ ಕಾವಾಯಿತು, ಈಗ ನನ್ನ ಕೈಯಲ್ಲಿ ಸ್ಕೇಲು. ಅಳೆಯುವ ಕೋಲು ಯಾರ ಕೈಯಲ್ಲಿ ಉಂಟು ಎಂದು ಅಣ್ಣ ಕೇಳಿದ್ದನಲ್ಲ —

ಆ ಮಗುವನ್ನು ಮುಖ್ಯೋಪಾಧ್ಯಾಯಿನಿಯವರ ಬಳಿಗೆ ಕರೆದೊಯ್ದು, ಹೊಡೆದದ್ದು ನಾನು ಎಂದು ಬರೆದುಕೊಟ್ಟೆ. ಅವಳ ತಾಯಿತಂದೆಯ ಎದುರು ಅವಳ ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮನೆಗೆ ಹೋದೆ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಅಣ್ಣ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಶೆಡ್ಡು, ಉದಾಹರಣೆ, ಹಲ್ಲು, ಕಾಗದ. ಅಮ್ಮನ ಬೆರಳುಗಳು ಬಹಳ ಹೊತ್ತು ತಮ್ಮಷ್ಟಕ್ಕೆ ಎಲೆ ಸುತ್ತುತ್ತಲೇ ಇದ್ದವು. ಆಮೇಲೆ ನಿಂತವು.

"ಹಾಗಾದ್ರೆ ಅವ ಕುಡಿದಿರ್ಲಿಲ್ಲವಾ?"

"ಇಲ್ಲಮ್ಮ."

"ಒಂದು ತೊಟ್ಟೂ?"

"ಇಲ್ಲ."

ಅಮ್ಮ ತಡ್ಪೆಯನ್ನು ಬದಿಗಿಟ್ಟು ಎದ್ದು ಬಂದು ನನ್ನ ಕೆನ್ನೆಗೆ ಹೊಡೆದರು. ಹುಟ್ಟಿದಂದಿನಿಂದ ನನ್ನ ಮೇಲೆ ಕೈಯೆತ್ತಿದವರಲ್ಲ. ಮತ್ತೊಮ್ಮೆ ಹೊಡೆದರು, ಮತ್ತೊಮ್ಮೆ, ಬಾಯಲ್ಲಿ ಉಪ್ಪುಪ್ಪಾಯಿತು. ನಾನು ಮುಖ ತಿರುಗಿಸಲಿಲ್ಲ. ಜಗಲಿಯಿಂದ ಅಣ್ಣನ ಮುರಿದ ಮಾತು ಬಂತು: "ಸಾಕಮ್ಮ." ಅದೇ ಪದವನ್ನು ಆ ದಿನ ಶೆಡ್ಡಿನಲ್ಲಿ ಹೇಳಬೇಕಾಗಿದ್ದವಳು ನಾನು.

ಮಾರನೆಯ ದಿನ ಬೆಳ್ತಂಗಡಿಗೆ ಹೋಗಿ, ಹನ್ನೊಂದು ವರ್ಷದ ಹಿಂದೆ ನಾನು ಬರೆದುಕೊಟ್ಟ ಹೇಳಿಕೆ ಸುಳ್ಳೆಂದೂ, ನಡೆದದ್ದು ಇದೆಂದೂ ಬರೆದುಕೊಟ್ಟೆ. ಇಷ್ಟು ತಡವೇಕೆ ಎಂದು ಕೇಳಿದರು. ಭಯ ಎನ್ನಬಹುದಿತ್ತು, ಆದರೆ ಮದ್ಯಪಾನ ಎಂಬ ಪದವನ್ನು ಭಯ ಬರೆಸಿದ್ದಲ್ಲ. ಉತ್ತರವಿಲ್ಲ ಎಂದೆ. ಅಣ್ಣನ ಹೇಳಿಕೆಯೂ ಬೇಕೆಂದಿದ್ದಾರೆ. ಅವನು ಕೊಟ್ಟಿಲ್ಲ. ಕೊಡೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಕೆಲಸ ಇದರಿಂದ ಹೋಗುವುದಾದರೆ ಹೋಗಲಿ. ಧಣಿಗಳು ಈಗಲೂ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಗುಂಡಿಗೆ ಬೇಲಿ ಬಂದಿಲ್ಲ.

ಮನೆಯಲ್ಲಿ ಬದಲಾದದ್ದು ಇಷ್ಟು: ಅಣ್ಣ ಈಗ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಉಣ್ಣುತ್ತಾನೆ. ಅವನು ಉಂಡು ಏಳುವವರೆಗೆ ಅಮ್ಮ ಎದುರಿಗೆ ಕುಳಿತಿರುತ್ತಾರೆ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ನನ್ನ ತಟ್ಟೆ ಜಗಲಿಗೆ ಬರುತ್ತದೆ.